ಹದಿನೇಳನೇ ಹಾಸಿಗೆಯ ತಟ್ಟೆ

ಮಾರ್ಚ್ ೩, ಸೋಮವಾರ

ಮನೆಯಲ್ಲಿ ಜಗಳವಾಡಲು ಯಾರೂ ಇಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಇಲ್ಲದಿದ್ದರೆ ನನಗೇಕೆ ಬೇಕಿತ್ತು ಈ ಬರವಣಿಗೆಯ ಉಸಾಬರಿ.

ಮುದುಕಿಯನ್ನು ನಿನ್ನೆ ಆಸ್ಪತ್ರೆಗೆ ಸೇರಿಸಿದ್ದಾಯಿತು. ನಾನು ಕೆಲಸ ಮಾಡುವ ಆಸ್ಪತ್ರೆಗೇ. ಮೂರನೇ ಮಹಡಿ, ಹೆಂಗಸರ ವಾರ್ಡು, ಕಿಟಕಿ ಪಕ್ಕದ ಹದಿನೇಳನೇ ಹಾಸಿಗೆ. ಹೊಟ್ಟೆಯಲ್ಲಿ ಗಡ್ಡೆ ಇದೆಯಂತೆ. ಹೃದಯವೂ ಸೋತಿದೆಯಂತೆ, ಕಾಲು ಊದಿರುವುದು ಅದಕ್ಕೇ. ಗಡ್ಡೆ ತೆಗೆಯಬಹುದು, ಆದರೆ ಈಗ ಮೈಯಲ್ಲಿ ಆಪರೇಷನ್ನು ತಡೆದುಕೊಳ್ಳುವ ತ್ರಾಣ ಇಲ್ಲ, ಮೂರು ನಾಲ್ಕು ವಾರ ಚೆನ್ನಾಗಿ ಊಟ ಮಾಡಿ ಗಟ್ಟಿಯಾಗಲಿ, ಆಮೇಲೆ ನೋಡೋಣ ಅಂದರು ಡಾಕ್ಟರು. ಉಪ್ಪು ಮಾತ್ರ ಒಂದು ಹರಳೂ ಕೂಡದು ಅಂದರು.

ಆ ಸಂಕಟದಲ್ಲೂ ನನಗೆ ಒಳಗೊಳಗೇ ನಗು ಬಂತು. ಉಪ್ಪಿಲ್ಲದ ಊಟ ಅಂದರೆ ನನ್ನ ಒಲೆಯದು. ಆಸ್ಪತ್ರೆಯ ಅಡುಗೆಮನೆಯಲ್ಲಿ ನಾಲ್ಕು ಒಲೆ ಸಾಲಾಗಿವೆ, ಮೂಲೆಯದು ಪಥ್ಯದ್ದು, ಅಲ್ಲಿ ನಿಲ್ಲುವವಳು ನಾನು. ಮದುವೆಯಾಗಿ ಬಂದ ದಿನದಿಂದ ನನ್ನ ಅಡುಗೆಗೆ ಮೂಗು ಮುರಿದ ಹೆಂಗಸು ಇನ್ನು ಮೂರು ಹೊತ್ತೂ ನನ್ನ ಅಡುಗೆಯನ್ನೇ ತಿನ್ನಬೇಕು, ಅದೂ ಉಪ್ಪಿಲ್ಲದೆ! ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಹಾಸಿಗೆಯ ಮೇಲೆ ಮಲಗಿಸಿದ ಕೂಡಲೇ ಅವಳು ಕೇಳಿದ್ದೂ ಅದನ್ನೇ.

"ಇಲ್ಲಿ ಅಡುಗೆ ಯಾರದ್ದೇ?"

"ನಂದೇ ಅತ್ತೆ."

"ಅಯ್ಯೋ ದೇವರೇ," ಅಂದು ಕಿಟಕಿ ಕಡೆ ಹೊರಳಿದಳು.

ಮಾರ್ಚ್ ೫, ಬುಧವಾರ

ನಿನ್ನ ಕೆಲಸ ಏನು ಅಂತ ಯಾರಾದರೂ ಕೇಳಿದರೆ ಅಡುಗೆ ಅನ್ನಲು ನನಗೆ ನಾಲಗೆ ಏಳುವುದಿಲ್ಲ. ಅಡುಗೆ ಅಂದಮೇಲೆ ನಾಲ್ಕು ಜನ ಬಾಯಿ ಚಪ್ಪರಿಸಿ ತಿನ್ನಬೇಕು. ನಾನು ಮಾಡಿದ್ದನ್ನು ಜನ ಕಷಾಯದ ಹಾಗೆ ಮೂಗು ಹಿಡಿದು ನುಂಗುತ್ತಾರೆ. ಗಂಡ ತೀರಿಕೊಂಡ ಮೇಲೆ ಹೊಟ್ಟೆಪಾಡಿಗೆ ಅಂತ ಸೇರಿದ್ದು, ಹಾಗೇ ಅಂಟಿಕೊಂಡುಬಿಟ್ಟೆ. ಬೆಳಿಗ್ಗೆ ಎದ್ದು ಬಂದು ಒಲೆ ಹಚ್ಚು, ಗಂಜಿಗೆ ಇಡು, ಕುಂಬಳಕಾಯಿ ಬೇಯಿಸು, ಹಿಸುಕು, ಸೋಸು. ರುಚಿ ನೋಡುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ನೋಡಲು ಏನಿದೆ ಅದರಲ್ಲಿ ಮಣ್ಣು? ಬೆಂದಿದೆಯೋ ಇಲ್ಲವೋ ಅಂತ ಸೌಟಿನಲ್ಲಿ ಒತ್ತಿದರೆ ಗೊತ್ತಾಗುತ್ತದೆ.

ತಿನ್ನುವವರ ಮುಖವನ್ನೂ ನಾವು ನೋಡುವ ಹಾಗಿಲ್ಲ. ಅಡುಗೆಮನೆಯ ಬಟ್ಟೆಯಲ್ಲಿ ವಾರ್ಡಿಗೆ ಕಾಲಿಡಬಾರದು ಅಂತ ನಿಯಮ, ಊಟದ ಹೊತ್ತಿನಲ್ಲಿ ಒಲೆ ಬಿಟ್ಟು ಹೋಗುವುದಂತೂ ಆಗದ ಮಾತು. ಬಡಿಸಿ, ಮುಚ್ಚಿ, ಮುಚ್ಚಳದ ಮೇಲೆ ಹಾಸಿಗೆ ನಂಬರಿನ ಚೀಟಿ ಅಂಟಿಸಿ ಟ್ರಾಲಿಗೆ ಏರಿಸುತ್ತೇವೆ. ಸ್ವಲ್ಪ ಹೊತ್ತಿಗೆ ಅದೇ ತಟ್ಟೆಗಳು ಕೆಳಗೆ ಬರುತ್ತವೆ. ಮೇಲಿನವರ ಸುದ್ದಿಯೆಲ್ಲ ನಮಗೆ ಆ ಎಂಜಲಿನಿಂದಲೇ. ಪಾತ್ರೆ ತೊಳೆಯುವವಳೊಬ್ಬಳಿದ್ದಾಳೆ, ಅವಳ ನಿಜವಾದ ಹೆಸರು ಏನೋ, ಎಲ್ಲರಿಗೂ ಅವಳು ತಟ್ಟೆಯಕ್ಕ. ಒಂದೊಂದೇ ಮುಚ್ಚಳ ತೆಗೆದು ಕಣಿ ಹೇಳುತ್ತಾಳೆ. "ಒಂಬತ್ತು ನಾಳೆ ಮನೆಗೆ ಹೋಗ್ತಾಳೆ ನೋಡ್ತಿರು, ಎರಡು ಮೊಟ್ಟೇನೂ ಖಾಲಿ. ಇಪ್ಪತ್ತೆರಡು ಯಾರ ಮೇಲೋ ಮುನಿಸ್ಕೊಂಡಿದಾಳೆ, ಚಮಚ ಬಗ್ಗಿಸಿಟ್ಟಿದಾಳೆ." ಬಹಳ ಸಲ ಅವಳು ಹೇಳಿದ್ದು ನಿಜವೇ ಆಗುತ್ತದೆ. ಬಾಯಿ ಸುಳ್ಳು ಹೇಳಿದರೂ ತಟ್ಟೆ ಸುಳ್ಳು ಹೇಳುವುದಿಲ್ಲ ಅನ್ನುವುದು ನಮ್ಮ ಅಡುಗೆಮನೆಯ ಗಾದೆ.

ಹದಿನೇಳರ ತಟ್ಟೆ ಹೋದ ಹಾಗೇ ವಾಪಸ್ಸು ಬರುತ್ತಿದೆ. ಇವತ್ತು ಗಂಜಿಯ ಮೇಲೆ ಕಟ್ಟಿದ ಕೆನೆ ಕೂಡ ಮುರಿದಿರಲಿಲ್ಲ.

"ಇದು ನಿಮ್ಮತ್ತೇದಾ?" ಅಂದಳು ತಟ್ಟೆಯಕ್ಕ.

"ಹೂಂ."

ಪುಣ್ಯಾತ್ಗಿತ್ತಿ, ಕಣಿ ಹೇಳದೆ ತೊಟ್ಟಿಗೆ ಸುರಿದಳು.

ಮಾರ್ಚ್ ೭, ಶುಕ್ರವಾರ

ಇವತ್ತು ನನ್ನ ತಲೆ ಕೆಟ್ಟುಹೋಯಿತು.

ಸಂಜೆ ರೋಗಿಗಳನ್ನು ನೋಡಲು ಬಿಡುವ ಹೊತ್ತಿಗೆ ಬಟ್ಟೆ ಬದಲಾಯಿಸಿ ಮೇಲೆ ಹೋದೆ. ಮುದುಕಿ ದಿಂಬಿಗೆ ಒರಗಿ ಪಕ್ಕದ ಹಾಸಿಗೆಯ ಹೆಂಗಸಿನ ತಂಗಿಯ ಜೊತೆ ಹರಟುತ್ತಿದ್ದಳು. ಅಕ್ಕನಿಗೆ ಕಾಮಾಲೆ, ತಂಗಿ ಹಗಲೂ ರಾತ್ರಿ ಅಲ್ಲೇ. ಸಿದ್ಧ ಉಡುಪಿನ ಕಾರ್ಖಾನೆಯಿಂದ ಅಂಗಿಗಳನ್ನು ತಂದು ಗುಂಡಿ ಹೊಲಿದು ಕೊಡುವುದು ಅವಳ ಕಸುಬು. ಮಂಚದ ಕೆಳಗೆ ಅಂಗಿಗಳ ಗಂಟು, ಬಾಯಲ್ಲಿ ಸೂಜಿ. ಅತ್ತೆ ಅವಳಿಗೆ ಆಗಲೇ ಗುಂಡಿ ಅಂತ ಹೆಸರಿಟ್ಟಾಗಿತ್ತು.

"ನೋಡೇ, ಕೆಲಸ ಅಂದ್ರೆ ಇದು. ಎಳೆದ್ರೆ ಬಟ್ಟೆ ಹರೀಬೇಕು, ಗುಂಡಿ ಅಲ್ಲಾಡಲ್ಲ," ಅಂದಳು ನನಗೆ ಕೇಳಿಸುವ ಹಾಗೆ.

"ಯಾಕೆ ಊಟ ಮಾಡಿಲ್ಲ?"

"ಅದು ಊಟಾನಾ? ಗೋಡೆಗೆ ಬಳಿಯೋ ಸುಣ್ಣ ಇದ್ದಂಗಿದೆ."

"ಉಪ್ಪು ಹಾಕ್ಬೇಡ ಅಂದೋರು ಡಾಕ್ಟರು ಅತ್ತೆ, ನಾನಲ್ಲ."

"ಉಪ್ಪು ಹಾಕ್ತಿದ್ದಾಗ ಏನು ಸೀಮೆಗಿಲ್ಲದ ರುಚಿ ಇರ್ತಿತ್ತು?"

ಅಕ್ಕಪಕ್ಕದವರು ನಕ್ಕರು. ನನಗೆ ಎಲ್ಲಿತ್ತೋ ಸಿಟ್ಟು. "ಬೆಳಿಗ್ಗೆ ಎದ್ದಾಗಿಂದ ಆ ಬೆಂಕಿ ಮುಂದೆ ಬೇಯ್ತೀನಿ. ನಿಮ್ಮ ತಟ್ಟೆ ಹಂಗೇ ವಾಪಸ್ ಬಂದಾಗ ಅಲ್ಲಿ ಎಲ್ಲರೂ ನನ್ನ ಮುಖ ನೋಡ್ತಾರೆ, ಗೊತ್ತಾ? ನೀವು ತಿಂದ್ರೆ ಆಪರೇಷನ್ನು, ಇಲ್ಲಾಂದ್ರೆ ಇಲ್ಲ. ನೀವೂ ಹೋದ್ರೆ ನನಗೆ ಯಾರಿದಾರೆ? ನಾಳೆಯಿಂದ ಒಂದು ಅಗುಳು ಉಳಿದು ಬಂದ್ರೂ ಈ ಕೆಲಸ ಬಿಟ್ಟು ಮನೇಲಿ ಕೂತ್ಕೋತೀನಿ. ಇಬ್ಬರೂ ಉಪವಾಸ ಬಿದ್ದು ಸಾಯೋಣ!" ಅಂದೆ. ಅಂದು ಎಲ್ಲರೆದುರು ಗೊಳೋ ಅಂತ ಅತ್ತುಬಿಟ್ಟೆ.

ನೀವೂ ಹೋದರೆ ನನಗೆ ಯಾರಿದ್ದಾರೆ ಅನ್ನುವ ಮಾತು ಬಾಯಿಂದ ಹೇಗೆ ಬಂತೋ. ಸಿಟ್ಟಿನಲ್ಲಿ ಏನೇನೋ ಬರುತ್ತದೆ.

ಅವಳು ಬಹಳ ಹೊತ್ತು ನನ್ನನ್ನೇ ನೋಡಿದಳು. "ಆಯ್ತು ಹೋಗೇ, ಕಣ್ಣೊರೆಸ್ಕೋ. ಜನ ನೋಡ್ತಿದಾರೆ," ಅಂದಳು.

ಮಾರ್ಚ್ ೮, ಶನಿವಾರ

ಖಾಲಿ! ಮಧ್ಯಾಹ್ನದ ಟ್ರಾಲಿಯಲ್ಲಿ ಹದಿನೇಳರ ತಟ್ಟೆ ಖಾಲಿಯಾಗಿ ಬಂತು. ಗಂಜಿ ಇಲ್ಲ, ಕುಂಬಳಕಾಯಿ ಇಲ್ಲ, ಉಪ್ಪಿಲ್ಲದ ಬ್ರೆಡ್ಡಿನ ಪುಡಿ ಕೂಡ ಇಲ್ಲ. ಮುಚ್ಚಳದ ಚೀಟಿಯನ್ನು ಮತ್ತೆ ಮತ್ತೆ ಓದಿದೆ. ಸಂಜೆಯದ್ದೂ ಹಾಗೇ ಬಂತು.

ಬೈದರೆ ಬಗ್ಗುತ್ತಾಳೆ ಅಂತ ಮೊದಲೇ ಗೊತ್ತಿದ್ದರೆ ಇಷ್ಟು ವರ್ಷ ನಾನೇಕೆ ಬೈಸಿಕೊಳ್ಳುತ್ತಿದ್ದೆ.

ಮಾರ್ಚ್ ೧೧, ಮಂಗಳವಾರ

ಉಪ್ಪಿಲ್ಲ, ಸರಿ. ರುಚಿಯೂ ಇರಬಾರದು ಅಂತ ಎಲ್ಲಿ ಬರೆದಿದೆ? ಮೊನ್ನೆಯಿಂದ ಇದೇ ಯೋಚನೆ. ತಿನ್ನುವವರು ಮನಸ್ಸು ಮಾಡಿ ತಿನ್ನುತ್ತಿರುವಾಗ ಮಾಡುವವಳು ಸುಣ್ಣ ಕಲಸಿ ಕಳಿಸಿದರೆ ನ್ಯಾಯವೇ?

ಪಥ್ಯದ ಮೇಡಂ ಹತ್ತಿರ ಹೋಗಿ ಏನೇನು ಹಾಕಬಹುದು ಅಂತ ಕೇಳಿದೆ. ಯಾವ ರೋಗಿಗೆ ಯಾವ ಊಟ ಅಂತ ಗೊತ್ತುಮಾಡುವವರು ಅವರು. ಶುಂಠಿ ಆಗಬಹುದು, ನಿಂಬೆ ಆಗಬಹುದು, ಮೆಣಸು ಚಿಟಿಕೆ ಆಗಬಹುದು ಅಂದರು. ಕುಂಬಳಕಾಯಿಯನ್ನು ನೀರಿನಲ್ಲಿ ಬೇಯಿಸುವ ಬದಲು ಬೆಂಕಿಯ ಮೇಲೆ ಸುಟ್ಟು ಸಿಪ್ಪೆ ತೆಗೆದೆ. ಸೂಪಿಗೆ ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಕಂದು ಬಣ್ಣಕ್ಕೆ ಬರುವವರೆಗೂ ತಿರುವಿದೆ. ಆಮೇಲೆ ಅಂಗೈಗೆ ಸುರಿದುಕೊಂಡು ನೆಕ್ಕಿದೆ. ಎಷ್ಟು ಕಾಲದ ಮೇಲೆ! ಸಿಹಿ ಇತ್ತು, ಸುಟ್ಟ ಘಮ ಇತ್ತು, ಉಪ್ಪು ಎಲ್ಲಿ ಅಂತ ನಾಲಗೆ ಹುಡುಕಿದ್ದೂ ನಿಜ, ಆದರೆ ಸಿಗಲಿಲ್ಲ ಅಂತ ಮುನಿಸಿಕೊಳ್ಳಲಿಲ್ಲ.

"ಏನಮ್ಮಾ, ಮೇಲಿರೋದು ಅತ್ತೇನೋ ಮಹಾರಾಣೀನೋ?" ಅಂದರು ಅಡುಗೆಮನೆಯ ಮೇಸ್ತ್ರಿ.

"ಎರಡೂ ಒಂದೇ," ಅಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಹದಿನೇಳು ಒಂದೇ ಅಲ್ಲ, ಪಥ್ಯದ ತಟ್ಟೆಗಳೆಲ್ಲ ಹಗುರವಾಗಿ ಬರುತ್ತಿವೆ. ಇಪ್ಪತ್ತೆರಡು ಚಮಚ ಬಗ್ಗಿಸುವುದನ್ನು ಬಿಟ್ಟಿದ್ದಾಳೆ.

ಸಂಜೆ ಅತ್ತೆಯನ್ನು ಕೇಳಿದೆ, "ಇವತ್ತಿನದು ಹೇಗಿತ್ತು?" ಅವಳು ಒಂದು ಸಲ ಗುಂಡಿಯ ಕಡೆ ನೋಡಿದಳು. ಆಮೇಲೆ "ಪರವಾಗಿಲ್ಲ" ಅಂದಳು.

ಪರವಾಗಿಲ್ಲ! ಮನೆಗೆ ಬರುವ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದೆ.

ಮಾರ್ಚ್ ೧೪, ಶುಕ್ರವಾರ

ಪಥ್ಯದ ಮೇಡಂ ಅಡುಗೆಮನೆಗೇ ಬಂದಿದ್ದರು. ಅತ್ತೆಗೆ ಸುಸ್ತು ಹೆಚ್ಚಾಗಿದೆಯಂತೆ, ಮೂಗಿನಿಂದ ಟ್ಯೂಬು ಹಾಕಿ ಊಟ ಕೊಡೋಣವೇ ಅಂತ ಡಾಕ್ಟರು ಯೋಚಿಸುತ್ತಿದ್ದಾರಂತೆ.

"ಪೂರ್ತಿ ತಿಂತಿದಾರೆ ಅಂತ ವಾರ್ಡಿನವರು ಬರೀತಾರೆ. ಆದ್ರೆ ನೋಡಿದ್ರೆ ಹಂಗೆ ಕಾಣಲ್ಲ. ನೀವೇನಂತೀರಿ?"

ನನಗೆ ರೇಗಿತು. ಆಗ ತಾನೇ ಬಂದ ತಟ್ಟೆಯ ಮುಚ್ಚಳ ತೆಗೆದು ಅವರ ಮುಂದೆ ಹಿಡಿದೆ. "ನೋಡಿ ಮೇಡಂ, ತೊಳೆಯೋದೇ ಬೇಡ. ದಿನಾ ಹೀಗೇ ಬರತ್ತೆ. ನಾನೇ ಬಡಿಸ್ತೀನಿ, ನಾನೇ ನೋಡ್ತೀನಿ. ಅಷ್ಟು ತಿನ್ನೋರಿಗೆ ಟ್ಯೂಬು ಯಾಕೆ?"

ತಟ್ಟೆ ನೋಡಿದರು. ತೂಕವೂ ಇಳಿದಿಲ್ಲ ಅಂತ ತಮ್ಮಷ್ಟಕ್ಕೇ ಅಂದುಕೊಂಡರು. "ಸರಿ ಹಾಗಾದ್ರೆ, ಸದ್ಯಕ್ಕೆ ಬೇಡ ಅಂತ ಡಾಕ್ಟರಿಗೆ ಹೇಳ್ತೀನಿ. ದಿನಾ ನೋಡೋರು ನೀವು," ಅಂದರು. ಈ ಆಸ್ಪತ್ರೆಯಲ್ಲಿ ನನ್ನ ಮಾತಿಗೆ ತೂಕ ಬಂದದ್ದು ಇವತ್ತೇ ಮೊದಲು. ಸೌಟು ಹಿಡಿದುಕೊಂಡು ನಿಂತಲ್ಲೇ ಒಂದಿಷ್ಟು ಬೀಗಿದೆ.

ತಟ್ಟೆಯಕ್ಕ ಮಾತ್ರ, "ನಿಮ್ಮತ್ತೆ ಹಲ್ಲು ಗಟ್ಟಿಯಿದೆ ಬಿಡು, ಬ್ರೆಡ್ಡಿನ ಅಂಚೂ ಬಿಟ್ಟಿಲ್ಲ," ಅಂದಳು. ಅತ್ತೆಗೆ ಬಲಗಡೆ ಹಲ್ಲೇ ಇಲ್ಲ. ಸೂಪಿನಲ್ಲಿ ನೆನೆಸಿ ತಿಂದಿರಬೇಕು.

ಸಂಜೆ ಹೋಗಿ "ನಿಮ್ಮ ಮೂಗು ಉಳಿಸಿದೆ ನೋಡಿ" ಅಂತ ಎಲ್ಲವನ್ನೂ ಹೇಳಿದೆ. ಅತ್ತೆ ನಕ್ಕರು. "ಒಳ್ಳೇದಾಯ್ತು. ಮೂಗಲ್ಲಿ ನಳಿಕೆ ಇಟ್ಕೊಂಡು ನಿನ್ನ ಬೈಯೋಕೆ ಕಷ್ಟ ಆಗ್ತಿತ್ತು," ಅಂದರು. ಗುಂಡಿ ಸೂಜಿಗೆ ದಾರ ಪೋಣಿಸುತ್ತಿದ್ದಳು, ಎಷ್ಟು ಹೊತ್ತಾದರೂ ಪೋಣಿಸಲು ಆಗಲಿಲ್ಲ.

ಮಾರ್ಚ್ ೧೬, ಭಾನುವಾರ

ಇವತ್ತು ನನಗೆ ರಜೆ. ಬಿಸಿನೀರು ತೆಗೆದುಕೊಂಡು ಅತ್ತೆಯ ಮೈ ಒರೆಸಿದೆ. ಕಾಲು ಕಂಬದ ಹಾಗೆ ಊದಿದೆ, ಒತ್ತಿದರೆ ಬೆರಳು ಒಳಗೆ ಹೋಗುತ್ತದೆ. ಹೆಗಲು ಮಾತ್ರ ಬರೀ ಮೂಳೆ. ಕಾಯಿಲೆ ಎಷ್ಟು ಹೊಟ್ಟೆಬಾಕ ನೋಡಿ, ಅವರು ತಿಂದದ್ದನ್ನೆಲ್ಲ ಅದೇ ತಿನ್ನುತ್ತಿದೆ.

"ಒಂದೇ ಒಂದು ಹರಳು ಉಪ್ಪು ಕೊಡೇ. ನಾಲಗೆ ಮೇಲಿಟ್ಕೊಂಡು ಉಗಿದುಬಿಡ್ತೀನಿ."

"ಆಗಲ್ಲ ಅತ್ತೆ."

"ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರೆ. ನನಗೆ ಎರಡೂ ಇಲ್ಲ."

"ನಾನಿಲ್ವಾ?"

"ನೀನು ಉಪ್ಪೂ ಅಲ್ಲ, ತಾಯೀನೂ ಅಲ್ಲ."

"ಮತ್ತೆ?"

"ಸೊಸೆ," ಅಂದರು, ಅದೂ ಒಂದು ಕಾಯಿಲೆಯ ಹೆಸರು ಅನ್ನುವ ಹಾಗೆ. ಇಬ್ಬರೂ ನಕ್ಕೆವು. ನಕ್ಕದ್ದಕ್ಕೇ ಅವರಿಗೆ ಉಬ್ಬಸ ಬಂತು.

ಸ್ವಲ್ಪ ಹೊತ್ತು ಬಿಟ್ಟು, "ನಿಂತೂ ನಿಂತೂ ಕಾಲು ನೋಯಲ್ವೇನೇ ನಿನಗೆ?" ಅಂತ ಕೇಳಿದರು. ನನ್ನ ಕೆಲಸದ ಬಗ್ಗೆ ಅವರು ಹೀಗೆ ಒಂದು ಮಾತು ಕೇಳಿದ್ದೇ ಇಲ್ಲ. ನೋಯುತ್ತದೆ ಅಂದೆ. ತಮಗೂ ನೋಯುತ್ತಿತ್ತು ಅಂದರು. ನಾನು ಸೊಸೆಯಾಗಿ ಬರುವ ಮೊದಲಿನಿಂದಲೂ ಅವರು ಒಂದು ಅಂಗಡಿಯಲ್ಲಿ ಇಸ್ತ್ರಿ ಮಾಡುತ್ತಿದ್ದವರು, ಕೆಂಡದ ಪೆಟ್ಟಿಗೆಯ ಕಾಲದಿಂದ.

"ಅಷ್ಟು ಬಟ್ಟೆ ತೀಡಿದೆ ಕಣೇ. ಹಾಕ್ಕೊಂಡು ಹೋದೋರು ಒಬ್ಬರಾದ್ರೂ ಬಂದು ಚೆನ್ನಾಗಿತ್ತಮ್ಮಾ ಅನ್ನಲಿಲ್ಲ. ಸುಕ್ಕಿದ್ರೆ ಮಾತ್ರ ಬರ್ತಿದ್ರು. ಬರಲಿಲ್ಲ ಅಂದ್ರೆ ಚೆನ್ನಾಗಿದೆ ಅಂತ ಲೆಕ್ಕ. ನಾನೂ ಹಂಗೇ ಕಲ್ತೆ. ಸುಕ್ಕು ಕಂಡ್ರೆ ಬಾಯಿ ಬಿಡೋದು, ಇಲ್ಲಾಂದ್ರೆ ಸುಮ್ಮನಿರೋದು."

ಹಾಗಾದರೆ ನನ್ನ ಅಡುಗೆಯಲ್ಲಿ ಬರೀ ಸುಕ್ಕೇ ಇತ್ತಾ ಅಂತ ಕೇಳಬೇಕು ಅನ್ನಿಸಿತು. ಅವರು ಕಣ್ಣು ಮುಚ್ಚಿದ್ದರು. ಕೇಳಲಿಲ್ಲ.

ರಾತ್ರಿ ಊಟದ ಟ್ರಾಲಿ ಬರುವ ಹೊತ್ತಾಯಿತು. ಹೇಗೂ ರಜೆ, ಇವತ್ತು ನಾನೇ ತಿನ್ನಿಸುತ್ತೇನೆ ಅಂದೆ. ಎಲ್ಲಿಲ್ಲದ ಗಡಿಬಿಡಿ ಬಂತು ಅವರಿಗೆ. "ಬೇಡ ಬೇಡ. ಯಾರಾದ್ರೂ ಬಾಯಿ ನೋಡ್ತಾ ಕೂತ್ರೆ ನನಗೆ ಗಂಟಲಲ್ಲಿ ಇಳಿಯಲ್ಲ. ಹೋಗು, ಮನೇಲಿ ಬಟ್ಟೆ ರಾಶಿ ಬಿದ್ದಿರತ್ತೆ," ಅಂತ ಅಟ್ಟಿದರು. ನಾಚಿಕೆ ಇರಬೇಕು. ಬಂದುಬಿಟ್ಟೆ.

ಮಾರ್ಚ್ ೨೦, ಗುರುವಾರ

ಬೆಳಿಗ್ಗೆ ಕೆಲಸಕ್ಕೆ ಹೋಗಲು ನನಗೇ ಆತುರ, ಅಲಾರಾಂ ಹೊಡೆಯುವ ಮೊದಲೇ ಎಚ್ಚರ. ಪಥ್ಯದ ಊಟ ಬಿಡುವವರು ಕಡಿಮೆಯಾಗಿದ್ದಾರೆ, ನೀವು ಮಾಡುವ ಸೂಪನ್ನು ಪಕ್ಕದ ಒಲೆಯವಳಿಗೂ ಕಲಿಸಿಕೊಡಿ ಅಂದರು ಮೇಡಂ, ಎಲ್ಲರೆದುರು. ನಾನು ಏನೋ ಹೇಳಲು ಹೋಗಿ ಕೆಮ್ಮಿದೆ. ಇನ್ನು ಯಾರಾದರೂ ಕೇಳಿದರೆ ಅಡುಗೆಯವಳು ಅಂತಲೇ ಹೇಳುತ್ತೇನೆ.

ಇದನ್ನು ಹೇಳಲು ಓಡಿಹೋದರೆ ಅತ್ತೆಗೆ ಮಂಪರು. "ಊಟ ಆಯ್ತಾ?" ಅಂತ ಗುಂಡಿಯನ್ನು ಕೇಳಿದೆ. ಹೂಂ ಅಂದಳು, ತಲೆ ಎತ್ತಲಿಲ್ಲ. ಎದ್ದು ಹೊರಟಾಗ "ಅಕ್ಕಾ, ಒಂದು ಮಾತು..." ಅಂದಳು.

"ಏಯ್ ಗುಂಡಿ," ಅಂದರು ಅತ್ತೆ, ಕಣ್ಣು ಬಿಡದೆಯೇ. "ನಿನ್ನ ಕೆಲಸ ನೀನು ನೋಡ್ಕೋ."

ಮೈಯಲ್ಲಿ ಶಕ್ತಿ ಇಲ್ಲದಿದ್ದರೂ ಯಜಮಾನಿಕೆ ಬಿಡುವುದಿಲ್ಲ!

ಮಾರ್ಚ್ ೨೪, ಸೋಮವಾರ

ಅತ್ತೆ ಬೆಳಿಗ್ಗೆ ಪ್ರಜ್ಞೆ ತಪ್ಪಿದರು. ಕೆಳಗೆ ಹೇಳಿಕಳಿಸಿದರು, ಅಡುಗೆಯ ಬಟ್ಟೆಯಲ್ಲೇ ಓಡಿದೆ. ಬೇರೆ ಕೋಣೆಗೆ ಸಾಗಿಸಿ ಟ್ಯೂಬು, ಸೂಜಿ, ಏನೇನೋ ಹಾಕಿದ್ದರು.

"ಎಷ್ಟು ದಿನದಿಂದ ಊಟ ಬಿಟ್ಟಿದಾರೆ ಇವರು?" ಅಂದರು ಡಾಕ್ಟರು.

"ಬಿಟ್ಟಿಲ್ಲ ಡಾಕ್ಟ್ರೇ. ಪೂರ್ತಿ ತಿಂತಾರೆ."

"ಹೊಟ್ಟೇಲಿ ಏನೂ ಇಲ್ಲಮ್ಮಾ. ಮೈಯಲ್ಲಿ ಏನೂ ಇಲ್ಲ. ತೂಕ ಇಳಿದಿಲ್ಲ ಅಂದ್ಕೊಂಡಿದ್ವಿ, ಅದೆಲ್ಲ ಬರೀ ನೀರು. ಇನ್ನು ಆಪರೇಷನ್ ಮಾತು ಆಡೋ ಹಾಗಿಲ್ಲ."

ನಾನು ಅವರ ಜೊತೆ ಜಗಳಕ್ಕೇ ನಿಂತೆ. ನಾನೇ ಅಡುಗೆಯವಳು, ನನ್ನ ಕಣ್ಣಾರೆ ಖಾಲಿ ತಟ್ಟೆ ನೋಡಿದ್ದೇನೆ, ದಿನಾ ನೋಡಿದ್ದೇನೆ, ನಿಮಗೇನು ಗೊತ್ತು ಅಂತ ಕೂಗಾಡಿದೆ. ಸಿಸ್ಟರೊಬ್ಬರು ನನ್ನನ್ನು ಹಿಡಿದುಕೊಂಡು ಹೊರಗೆ ಬೆಂಚಿನ ಮೇಲೆ ಕೂರಿಸಿದರು.

ತಟ್ಟೆ ಸುಳ್ಳು ಹೇಳುವುದಿಲ್ಲ. ಡಾಕ್ಟರಿಗೆ ಏನೋ ತಪ್ಪಾಗಿದೆ.

ಮಾರ್ಚ್ ೨೬, ಬುಧವಾರ

ಅತ್ತೆ ಹೋದರು. ನಾನು ಪಕ್ಕದಲ್ಲೇ ಇದ್ದೆ. ಒಂದು ಮಾತೂ ಆಡಲಿಲ್ಲ ಅವರು.

ಏಪ್ರಿಲ್ ೩, ಗುರುವಾರ

ಎಲ್ಲ ಮುಗಿಯಿತು. ಬಂದವರು ಹೋದರು. ಅವರ ಮಂಚ ಮಡಚಿ ಗೋಡೆಗೆ ಒರಗಿಸಿದೆ, ಮತ್ತೆ ಬಿಡಿಸಿ ಹಾಕಿದೆ. ಕೋಣೆ ತೀರಾ ದೊಡ್ಡದಾಗಿ ಕಾಣುತ್ತಿತ್ತು.

ಮಧ್ಯಾಹ್ನ ಅನ್ನ ಬೇಯಿಸಿ ಒಂದು ಪಲ್ಯ ಮಾಡಿಕೊಂಡೆ. ಉಂಡು ಕೈ ತೊಳೆಯುವಾಗ ನೆನಪಾಯಿತು, ಉಪ್ಪು ಹಾಕಿರಲೇ ಇಲ್ಲ. ಯಾರೂ ಏನೂ ಅನ್ನಲಿಲ್ಲ. ಯಾರೂ ಏನೂ ಅನ್ನದ ಊಟ ನನಗೆ ಅಭ್ಯಾಸವಿಲ್ಲ.

ಡಾಕ್ಟರ ಮಾತು ತಲೆಯಲ್ಲಿ ಕೊರೆಯುತ್ತಲೇ ಇದೆ. ಹೊಟ್ಟೆಯಲ್ಲಿ ಏನೂ ಇರಲಿಲ್ಲವಂತೆ. ಹಾಗಾದರೆ ಅಷ್ಟು ಊಟ ಎಲ್ಲಿ ಹೋಯಿತು?

ಏಪ್ರಿಲ್ ೭, ಸೋಮವಾರ

ಇವತ್ತಿನಿಂದ ಕೆಲಸಕ್ಕೆ ಹೋದೆ. ಇನ್ನೂ ನಾಲ್ಕು ದಿನ ಮನೆಯಲ್ಲಿರಿ ಅಂದರು ಮೇಸ್ತ್ರಿ. ಮನೆಯಲ್ಲಿ ಇದ್ದು ಏನು ಮಾಡಲಿ?

ಮಧ್ಯಾಹ್ನದ ಟ್ರಾಲಿ ಹೋದ ಮೇಲೆ ಹಿತ್ತಲ ಬಾಗಿಲಲ್ಲಿ ಗುಂಡಿ ನಿಂತಿದ್ದಳು, ಬಗಲಲ್ಲಿ ಅಂಗಿಗಳ ಗಂಟು. ಅಕ್ಕನಿಗೆ ವಾಸಿಯಾಗಿದೆ, ಇವತ್ತು ಮನೆಗೆ ಹೋಗುತ್ತಿದ್ದೇವೆ, ಹೇಳದೆ ಹೋದರೆ ನನಗೆ ನಿದ್ದೆ ಬರುವುದಿಲ್ಲ ಅಂದಳು. ಒಳಗೆ ಕರೆದು ತರಕಾರಿ ಮೂಟೆಯ ಮೇಲೆ ಕೂರಿಸಿದೆ.

"ಅಕ್ಕಾ, ಅಷ್ಟೂ ಊಟ ನಾನು ತಿಂದಿದ್ದು."

ನನಗೆ ಮೊದಲು ಅರ್ಥವೇ ಆಗಲಿಲ್ಲ.

"ನೀವು ಅತ್ತು ಹೋದ್ರಲ್ಲ, ಅವತ್ತು ರಾತ್ರಿ ಅವರೂ ತಿನ್ನೋಕೆ ನೋಡಿದ್ರು ಅಕ್ಕಾ. ನಿಜವಾಗ್ಲೂ ನೋಡಿದ್ರು. ಎರಡು ಚಮಚ ಇಳಿಯೋ ಹೊತ್ತಿಗೆ ಹೊಟ್ಟೆ ತೊಳಸಿ ಎಲ್ಲ ಹೊರಗೆ ಬಂತು. ಮಾರನೇ ದಿನ ನನ್ನ ಕರೆದು, ನೀನು ಏನೇ ತಿಂತೀಯ ಅಂದ್ರು. ಜೊತೆಗಿರೋರಿಗೆ ಇಲ್ಲಿ ಊಟ ಕೊಡಲ್ವಲ್ಲ, ಬನ್ನು ತಿಂತೀನಿ ಅಂದೆ. ತಗೋ, ಇದನ್ನ ಮುಗಿಸು, ಒಂದು ಅಗುಳೂ ಕೆಳಗೆ ಹೋಗ್ಬಾರದು, ಅಲ್ಲಿ ನನ್ನ ಸೊಸೆ ಮುಚ್ಚಳ ತೆಗೆದು ನೋಡ್ತಾಳೆ, ಉಳಿದ್ರೆ ಅಳ್ತಾಳೆ ಅಂದ್ರು. ಸಿಸ್ಟರ್‌ಗೆ ಹೇಳ್ತೀನಿ ಅಂದ್ರೆ, ಆಣೆ ಹಾಕಿಸ್ಕೊಂಡ್ರು. ನನಗೂ... ಹೊಟ್ಟೆ ಹಸಿದಿರ್ತಿತ್ತು ಅಕ್ಕಾ."

ಅವಳ ಕೆನ್ನೆ ತುಂಬಿಕೊಂಡಿತ್ತು. ಮೊದಲ ಸಲ ನೋಡಿದಾಗ ಕಡ್ಡಿಯ ಹಾಗಿದ್ದ ಹುಡುಗಿ. ನನ್ನ ಸುಟ್ಟ ಕುಂಬಳಕಾಯಿ, ನನ್ನ ಸೂಪು, ಬ್ರೆಡ್ಡು, ಎಲ್ಲ ಆ ಕೆನ್ನೆಯಲ್ಲಿತ್ತು. ಎತ್ತಿ ಬಾರಿಸಬೇಕು ಅನ್ನಿಸಿತು. ಕೈ ಎತ್ತಿದ್ದೂ ಹೌದು. ಅವಳು ಹೊಡೆಸಿಕೊಳ್ಳಲು ಮುಖ ಮುಂದೆ ಮಾಡಿ ಕೂತಿದ್ದಳು. ಆಗಲಿಲ್ಲ ನನ್ನಿಂದ.

"ಅಡುಗೆ ಬಗ್ಗೆ ಏನಾದ್ರೂ ಅಂತಿದ್ರಾ?" ಅಂತ ಕೇಳಿದೆ. ಇಂಥ ಹೊತ್ತಿನಲ್ಲಿ ಕೇಳುವ ಮಾತೇ ಅದು? ಆದರೆ ಬಾಯಿಗೆ ಬಂದದ್ದು ಅದೇ.

"ನಾನು ತಿನ್ನೋದನ್ನ ನೋಡ್ತಾ ಕೂತಿರೋರು. ಹೇಗಿದ್ಯೇ ಅಂತ ಕೇಳೋರು. ಚೆನ್ನಾಗಿದೆ ಅಜ್ಜಿ ಅಂದ್ರೆ, ಸುಳ್ಳು ಹೇಳ್ಬೇಡ, ಅವಳಿಗೆಲ್ಲಿ ಬರ್ಬೇಕು ಅಡುಗೆ ಅನ್ನೋರು. ಇಲ್ಲ ಅಜ್ಜಿ, ಆಣೆಗೂ ಚೆನ್ನಾಗಿದೆ, ಈರುಳ್ಳಿ ಹುರಿದು ಹಾಕಿದಾರೆ, ನಿಂಬೆ ಹಿಂಡಿದಾರೆ ಅಂತ ಹೇಳ್ತಿದ್ದೆ. ಇನ್ನೂ ಹೇಳು, ಇನ್ನೇನಿದೆ ಅನ್ನೋರು. ಪೂರ್ತಿ ಹೇಳೋವರೆಗೂ ಬಿಡ್ತಿರಲಿಲ್ಲ. ಕೇಳಿ ಮಲಗೋರು."

ಗುಂಡಿ ಹೋದ ಮೇಲೆ ಒಲೆಯ ಹತ್ತಿರ ಬಂದು ನಿಂತೆ. ಹಾಲು ಉಕ್ಕಿ ಒಲೆಯೆಲ್ಲ ರಾಡಿಯಾಯಿತು, ಯಾರೋ ಆರಿಸಿದರು.

ಟ್ಯೂಬು ಬೇಡ ಅಂದದ್ದು ನಾನು. ಖಾಲಿ ತಟ್ಟೆ ಎತ್ತಿ ಹಿಡಿದು ತೋರಿಸಿದ್ದು ನಾನು. ಅಲ್ಲ ಅತ್ತೆ, ನೀವು ಯಾರಿಗೂ ಯಾವತ್ತೂ ಮುಲಾಜು ನೋಡಿದವರಲ್ಲ. ಮದುವೆಯ ಮಾರನೇ ದಿನವೇ ನಾನು ಬಡಿಸಿದ್ದನ್ನು ನೆಂಟರೆದುರು ಪಕ್ಕಕ್ಕೆ ತಳ್ಳಿದವರು ನೀವು. ಆಮೇಲೂ ಎಷ್ಟು ಸಲ ತಳ್ಳಿದಿರಿ, ಎಷ್ಟು ಬೈದಿರಿ, ನಾನೇನು ಸತ್ತುಹೋದೆನೇ? ನನ್ನ ಮೇಲೆ ಕನಿಕರ ತೋರಿಸಲು ನಿಮಗೆ ಈ ಒಂದು ಊಟವೇ ಸಿಕ್ಕಿತೇ? ಇದೊಂದನ್ನೂ ಬೈದು ವಾಪಸ್ಸು ಕಳಿಸಿದ್ದರೆ ಆಗುತ್ತಿರಲಿಲ್ಲವೇ?

ಏಪ್ರಿಲ್ ೮, ಮಂಗಳವಾರ

ಹದಿನೇಳಕ್ಕೆ ಹೊಸಬರು ಬಂದಿದ್ದಾರೆ, ಅವರಿಗೂ ಪಥ್ಯದ ಊಟವೇ. ಮಧ್ಯಾಹ್ನದ ತಟ್ಟೆ ಮುಕ್ಕಾಲು ಪಾಲು ಹಾಗೇ ವಾಪಸ್ಸು ಬಂತು. ತಟ್ಟೆಯಕ್ಕ ಸುರಿಯಲು ಹೋದಳು. ನಾನು ಅವಳ ಕೈಯಿಂದ ಕಿತ್ತುಕೊಂಡು, ಅಡುಗೆಮನೆಯ ಬಟ್ಟೆಯಲ್ಲೇ, ಮೆಟ್ಟಿಲು ಹತ್ತಿ ಮೇಲೆ ಹೋದೆ. ಹಿಂದಿನಿಂದ ಮೇಸ್ತ್ರಿ ಕೂಗಿದರು. ಬಾಗಿಲಲ್ಲಿ ಸಿಸ್ಟರು ಅಡ್ಡ ಬಂದರು, ಮುಖ ನೋಡಿ ಬಿಟ್ಟರು.

ಕಿಟಕಿ ಪಕ್ಕದಲ್ಲಿ ಯಾರೋ ದಪ್ಪ ಹೆಂಗಸು, ಕನ್ನಡಕ ಹಾಕಿಕೊಂಡು ಕೂತಿದ್ದಳು. ತಟ್ಟೆಯನ್ನು ಅವಳ ಮುಂದೆ ಹಿಡಿದೆ.

"ಯಾಕಮ್ಮಾ ತಿನ್ನಲಿಲ್ಲ?"

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀನೇನಾ ಮಾಡಿದ್ದು? ಬಾಯಿಗಿಡೋ ಹಂಗಿಲ್ಲ ಬಿಡು. ನಾಯೀನೂ ಮೂಸಲ್ಲ ಇದನ್ನ," ಅಂದಳು.

ಆ ಮಂಚದ ಮೇಲೆ, ಅವಳ ಕಾಲ ಬಳಿಯೇ ಕೂತುಬಿಟ್ಟೆ. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಜೋರಾಗಿ ಅಳತೊಡಗಿದೆ, ವಾರ್ಡಿನವರೆಲ್ಲ ಎದ್ದು ಕೂರುವ ಹಾಗೆ.

ಆ ಹೆಂಗಸು ಗಾಬರಿಯಾದಳು. "ಅಯ್ಯೋ, ಅಳಬೇಡಮ್ಮಾ. ಏನೋ ಬಾಯಿ ಜಾರ್ತು. ಕೊಡು ಇಲ್ಲಿ, ತಿಂತೀನಿ," ಅಂದು ತಟ್ಟೆಗೆ ಕೈ ಚಾಚಿದಳು.

ನಾನು ತಟ್ಟೆ ಬಿಡಲಿಲ್ಲ. "ಬೇಡ," ಅಂದೆ. "ನೀವು ಬೈಯಿರಿ. ನಾನು ಬೇರೆ ಮಾಡ್ಕೊಂಡು ಬರ್ತೀನಿ. ಅದೂ ಚೆನ್ನಾಗಿಲ್ದಿದ್ರೆ ಅದಕ್ಕೂ ಬೈಯಿರಿ."